ಪ್ರಸಾದ ನಿಲಯವೂ ಕೋಲಾರ ಸೀಮೆಯ ನೀರೂ

ವೀರಶೈವ ಮಠಗಳು ನಡೆಸಿಕೊಂಡು ಬಂದಿರುವ ಉಚಿತ ವಿದ್ಯಾರ್ಥಿನಿಲಯಗಳಿಗೆ 'ಪ್ರಸಾದ ನಿಲಯ'ವೆಂಬ ಹೆಸರು ನಾಡಿನಲ್ಲಿ ರೂಢವಾಗಿದೆ. ಭೋಜನಶಾಲೆಯೆಂದೋ ಅನ್ನಛತ್ರವೆಂದೋ ಕರೆಯಲು ಅಡ್ಡಿಯಿರಲಿಲ್ಲ. ಆದರೂ ಹಿರಿಯರು ಷಟ್‌ಸ್ಥಲದ ಮೂರನೆಯ ಸ್ಥಲವನ್ನು ನೆನಪಿಗೆ ತರುವ ಈ ಮಾತನ್ನೇ ಆರಿಸಿಕೊಂಡರು. ಬಡವರ ಮಗುವಿನ ತಟ್ಟೆಗೆ ಬೀಳುವ ಮುದ್ದೆ ದಾನಿಯ ಕೃಪೆಯಲ್ಲ, ಶಿವನ ಸೊತ್ತು. ಅದನ್ನು ಬಡಿಸುವವನು ದಾಸೋಹಿ, ಧಣಿಯಲ್ಲ ಎಂಬ ತಿಳಿವಳಿಕೆ ಆ ಹೆಸರಿನಲ್ಲಿಯೇ ಅಡಗಿದೆ. ಅಷ್ಟಾವರಣವನ್ನು ಬಲ್ಲವರು ಇಲ್ಲಿ ಇನ್ನೊಂದು ವಿಷಯವನ್ನೂ ಗಮನಿಸಬಹುದು. ಅಲ್ಲಿ ಪ್ರಸಾದವು ಒಂಟಿಯಾಗಿ ಬರುವುದಿಲ್ಲ. ಪಾದೋದಕವು ಅದರ ಬೆನ್ನಿಗೇ ಇದೆ. ಅನ್ನಕ್ಕೆ ಇರುವ ಪಾವಿತ್ರ್ಯವೇ ನೀರಿಗೂ ಇದೆ. ವಿದ್ಯಾರ್ಥಿನಿಲಯಗಳ ಚರಿತ್ರೆಯನ್ನು ಬರೆದವರು ಅನ್ನದ ವಿಚಾರವನ್ನು ವಿಸ್ತಾರವಾಗಿ ಹೇಳಿದ್ದಾರೆ, ನೀರಿನ ವಿಚಾರವನ್ನು ಅಷ್ಟಾಗಿ ಹೇಳಿಲ್ಲ. ನದಿಯ ದಂಡೆಯ ಊರುಗಳಲ್ಲಿ ಅದು ಅಂಥ ಲೋಪವಲ್ಲ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳ ಮಟ್ಟಿಗೆ ಅದು ದೊಡ್ಡ ಲೋಪವೇ ಸರಿ.

ಈ ಸೀಮೆಯಲ್ಲಿ ಮಕ್ಕಳನ್ನು ಒಂದೆಡೆ ಇರಿಸಿ ಸಾಕಿ ಓದಿಸುವ ಪದ್ಧತಿ ಬರಗಾಲದಿಂದ ಹುಟ್ಟಿತು. ೧೮೭೬ರಿಂದ ೭೮ರವರೆಗಿನ ಬರದಲ್ಲಿ ಮೈಸೂರು ಸಂಸ್ಥಾನದ ಸುಮಾರು ಐವತ್ತು ಲಕ್ಷ ಜನರಲ್ಲಿ ಹತ್ತು ಲಕ್ಷದಷ್ಟು ಜನ ಅಳಿದರೆಂಬುದು ಇತಿಹಾಸಕಾರರ ಲೆಕ್ಕ. ಮಳೆಯನ್ನೂ ಕೆರೆಯನ್ನೂ ಬಿಟ್ಟರೆ ಬೇರೆ ಆಸರೆಯಿಲ್ಲದ ಕೋಲಾರ ಪ್ರಾಂತಕ್ಕೆ ಆ ಪೆಟ್ಟು ಬಲವಾಗಿಯೇ ಬಿದ್ದಿತು. ತಂದೆತಾಯಿಗಳನ್ನು ಕಳೆದುಕೊಂಡ ಮಕ್ಕಳಿಗಾಗಿ ಆನ್‌ಸ್ಟೀ ಎಂಬ ಆಂಗ್ಲ ಮಹಿಳೆ ಕೋಲಾರದಲ್ಲಿ ಅನಾಥಾಲಯವನ್ನು ನಡೆಸಿದಳು. ೧೮೯೦ರಲ್ಲಿ ಅದು ಅಮೆರಿಕದ ಮೆಥಡಿಸ್ಟ್ ಮಿಷನ್ನಿನ ವಶಕ್ಕೆ ಬಂದಿತು. ಆ ಮಿಷನ್ನಿನವರು ಶಾಲೆಗಳನ್ನು ಬೆಳೆಸಿದ್ದಲ್ಲದೆ, ೧೯೧೦ರ ಸುಮಾರಿಗೆ ಎಲ್ಲೆನ್ ಥೋಬರ್ನ್ ಕೋವನ್ ಸ್ಮಾರಕ ಆಸ್ಪತ್ರೆಯನ್ನೂ ಕೋಲಾರದಲ್ಲಿ ಸ್ಥಾಪಿಸಿದರು. ಜನ ಅದನ್ನು ಇ.ಟಿ.ಸಿ.ಎಂ. ಆಸ್ಪತ್ರೆಯೆಂದೇ ಕರೆಯುತ್ತಾರೆ. ಮತಾಂತರದ ಉದ್ದೇಶದ ಬಗೆಗೆ ಭಿನ್ನಾಭಿಪ್ರಾಯವಿರುವವರು ಕೂಡ ಒಂದು ಮಾತನ್ನು ಒಪ್ಪಬೇಕಾಗುತ್ತದೆ: ಮಕ್ಕಳನ್ನು ಕೂಡಿಹಾಕಿದ ಊರಿನಲ್ಲಿಯೇ ವೈದ್ಯರೂ ಇರಬೇಕೆಂಬ ವಿವೇಕ ಅವರಿಗಿತ್ತು.

ಅದೇ ಕಾಲದಲ್ಲಿ ಊರ ಬಡ ಹುಡುಗರ ಪಾಲಿಗೆ ಇದ್ದದ್ದು ವಾರಾನ್ನ. ವಾರದ ಏಳು ದಿನಕ್ಕೆ ಏಳು ಮನೆ. ಡಿ.ವಿ.ಜಿ.ಯವರು ಹುಟ್ಟಿದ ಮುಳಬಾಗಿಲು, ಮಾಸ್ತಿಯವರ ಮಾಲೂರು ತಾಲ್ಲೂಕು ಎಲ್ಲವೂ ಈ ಪದ್ಧತಿಯನ್ನು ಬಲ್ಲ ನೆಲವೇ. ವಾರಾನ್ನವು ಎಷ್ಟೋ ಪ್ರತಿಭಾವಂತರನ್ನು ಉಳಿಸಿತೆಂಬುದರಲ್ಲಿ ಸಂಶಯವಿಲ್ಲ. ಆದರೆ ಅದಕ್ಕೆ ಜಾತಿಯ ಗೆರೆಯಿತ್ತು. ಮನೆಯಾಕೆಯ ಮುಖಭಾವವನ್ನು ನೋಡಿ ಎರಡನೆಯ ತುತ್ತಿಗೆ ಕೈಯೊಡ್ಡಬೇಕಾದ ಸಂಕೋಚವಿತ್ತು. ಹುಡುಗನಿಗೆ ಜ್ವರ ಬಂದ ದಿನ ಅವನು ಯಾವ ಮನೆಯ ಹುಡುಗ? ಸೋಮವಾರದ ಮನೆಯವರು ಮಂಗಳವಾರದ ಮನೆಯವರ ಹೊಣೆಯೆಂದಾರು. ಏಳು ಮನೆಯ ಅನ್ನ ಉಂಡವನಿಗೆ ಹಾಸಿಗೆ ಹಿಡಿದಾಗ ಗಂಜಿ ಕಾಯಿಸಿಕೊಡಲು ಒಂದು ಮನೆಯೂ ಇಲ್ಲದ ಪ್ರಸಂಗ ಅಪರೂಪವಾಗಿರಲಿಲ್ಲ.

ಈ ಕೊರತೆಯನ್ನು ಮಠಗಳು ಅರಿತವು. ಹಾನಗಲ್ಲ ಕುಮಾರಸ್ವಾಮಿಗಳು ೧೯೦೯ರಲ್ಲಿ ಬಾದಾಮಿಯ ಸಮೀಪ, ಮಲಪ್ರಭೆಯ ತೀರದಲ್ಲಿ ಶಿವಯೋಗಮಂದಿರವನ್ನು ಸ್ಥಾಪಿಸಿದಾಗ ವಟುಗಳ ದಿನಚರಿಯಲ್ಲಿ ಶಾಸ್ತ್ರಾಧ್ಯಯನದೊಡನೆ ಯೋಗಾಭ್ಯಾಸಕ್ಕೂ ಸ್ಥಾನ ಕೊಟ್ಟರು; ಗೋಶಾಲೆಯನ್ನು ಇರಿಸಿದರು. ಕಾಯವನ್ನು ಹೀನವೆಂದು ತಳ್ಳದೆ, ಅದರ ಮೇಲೆಯೇ ಲಿಂಗವನ್ನು ಧರಿಸುವ ಧರ್ಮಕ್ಕೆ ಇದು ಸಹಜವಾದ ನಡೆ. ಕೋಲಾರ ಸೀಮೆಗೆ ಹತ್ತಿರದ ನಿದರ್ಶನವೆಂದರೆ ಬೆಂಗಳೂರಿನ ಗುಬ್ಬಿ ತೋಟದಪ್ಪನವರ ಧರ್ಮಛತ್ರ. ೧೯೦೩ರಲ್ಲಿ ರೈಲು ನಿಲ್ದಾಣದ ಬಳಿ ಆರಂಭವಾದ ಆ ಛತ್ರದ ಜೊತೆಯಲ್ಲಿ ಬೆಳೆದ ಉಚಿತ ವಿದ್ಯಾರ್ಥಿನಿಲಯವು ಹಳ್ಳಿಗಳಿಂದ ಕಾಲೇಜಿಗೆ ಬಂದ ವೀರಶೈವ ಹುಡುಗರಿಗೆ ನೆಲೆಯಾಯಿತು. ಸುತ್ತೂರಿನ ಶ್ರೀ ಶಿವರಾತ್ರಿ ರಾಜೇಂದ್ರ ಸ್ವಾಮಿಗಳು ೧೯೪೧ರಲ್ಲಿ ಮೈಸೂರಿನಲ್ಲಿ ವಿದ್ಯಾರ್ಥಿನಿಲಯವನ್ನು ತೆರೆದರು. ಮಹಾಯುದ್ಧದ ದಿನಗಳ ಆಹಾರಾಭಾವದಲ್ಲಿಯೂ ಅದನ್ನು ಮುಚ್ಚಲಿಲ್ಲ.

ಸಿದ್ಧಗಂಗೆಯ ವಿಚಾರವನ್ನು ಎಷ್ಟು ಹೇಳಿದರೂ ಕಡಿಮೆಯೇ. ಶ್ರೀ ಶಿವಕುಮಾರ ಸ್ವಾಮಿಗಳು ೧೯೩೦ರಲ್ಲಿ ಸನ್ಯಾಸ ಸ್ವೀಕರಿಸಿ, ೧೯೪೧ರಲ್ಲಿ ಮಠದ ಹೊಣೆ ಹೊತ್ತ ಮೇಲೆ ಅಲ್ಲಿನ ಪ್ರಸಾದ ನಿಲಯ ಎಲ್ಲ ಜಾತಿಮತಗಳ ಮಕ್ಕಳಿಗೂ ತೆರೆದ ಬಾಗಿಲಾಯಿತು. ಅವರ ಕೊನೆಯ ವರ್ಷಗಳಲ್ಲಿ ಅಲ್ಲಿ ಉಂಡು ಓದುವ ಮಕ್ಕಳ ಸಂಖ್ಯೆ ಹತ್ತು ಸಾವಿರದಷ್ಟಿತ್ತು. ೨೦೧೯ರ ಜನವರಿ ೨೧ರಂದು, ೧೧೧ ವರ್ಷದ ತುಂಬು ಬಾಳಿನ ಕೊನೆಯಲ್ಲಿ ಪೂಜ್ಯರು ಲಿಂಗೈಕ್ಯರಾದದ್ದು ಮಧ್ಯಾಹ್ನಕ್ಕೆ ಮುಂಚೆ. ಸುದ್ದಿ ತಿಳಿದರೆ ಮಕ್ಕಳು ಉಣ್ಣಲಾರರೆಂದು, ಅವರ ಪ್ರಸಾದ ಮುಗಿದ ಮೇಲೆಯೇ ಅದನ್ನು ಪ್ರಕಟಿಸಲಾಯಿತೆಂದು ಅಂದಿನ ಪತ್ರಿಕೆಗಳು ವರದಿ ಮಾಡಿದವು. ವಿದ್ಯಾರ್ಥಿನಿಲಯದ ಮೇಲ್ವಿಚಾರಣೆಯ ಬಗ್ಗೆ ಗ್ರಂಥವನ್ನು ಬರೆಯುವವರಿದ್ದರೆ ಮೊದಲ ಪುಟಕ್ಕೆ ಈ ಒಂದು ಪ್ರಸಂಗ ಸಾಕು.

ಇಂಥ ನಿಲಯಗಳಲ್ಲಿ ಕೆಲಸದ ಸರದಿಯೂ ಒಂದು ಕ್ರಮ. ಹುಡುಗರು ಅಂಗಳವನ್ನು ಗುಡಿಸುತ್ತಾರೆ, ತರಕಾರಿ ಹೆಚ್ಚುತ್ತಾರೆ, ಪಂಕ್ತಿಯಲ್ಲಿ ಬಡಿಸುತ್ತಾರೆ, ಉಂಡ ತಟ್ಟೆಯನ್ನು ತಾವೇ ತೊಳೆಯುತ್ತಾರೆ. ಇದನ್ನು ಕಾಯಕವೆಂದು ಕರೆಯಲು ಆಧಾರವಿದೆ. ಶಿವಭಕ್ತರ ಅಂಗಳವನ್ನು ಗುಡಿಸುವುದನ್ನೇ ಕಾಯಕವಾಗಿ ಮಾಡಿಕೊಂಡ ಸತ್ಯಕ್ಕ ವಚನಕಾರ್ತಿಯರ ಸಾಲಿನಲ್ಲಿ ಕುಳಿತವಳು. ಗಂಡ ಹೆಚ್ಚಾಗಿ ಆಯ್ದು ತಂದ ಅಕ್ಕಿಯನ್ನು ತಂದಲ್ಲಿಯೇ ಸುರಿದು ಬಾ ಎಂದು ಹಿಂದಕ್ಕೆ ಕಳುಹಿಸಿದ ಲಕ್ಕಮ್ಮನ ಕಥೆಯನ್ನು ಉಗ್ರಾಣದ ಬೀಗ ಹಿಡಿದ ಪ್ರತಿಯೊಬ್ಬರೂ ಓದಿರಬೇಕು. ಆದರೆ ಕಾಯಕವೆಂಬ ಮಾತಿಗೆ ಒಂದು ಕಟ್ಟಳೆಯಿದೆ. ಅದು ಒಪ್ಪಿ ಮಾಡುವುದು. ಎಲ್ಲರಿಗೂ ಸಮನಾದ ಸರದಿಯಿಂದ ಬರುವುದು. ಮೇಲಿನವನು ಕೆಳಗಿನವನ ಮೇಲೆ ಹೊರಿಸುವುದಲ್ಲ.

ಈ ಕಟ್ಟಳೆಯನ್ನು ಇಲ್ಲಿ ಒತ್ತಿ ಹೇಳುವುದಕ್ಕೆ ಕಾರಣವಿದೆ. ಸರ್ಕಾರವು ೧೯೯೬-೯೭ರಿಂದ ಮೊರಾರ್ಜಿ ದೇಸಾಯಿ ವಸತಿ ಶಾಲೆಗಳನ್ನು ತೆರೆದು, ಆರನೆಯ ತರಗತಿಯಿಂದ ಹತ್ತನೆಯವರೆಗೆ ಬಡ ಮಕ್ಕಳಿಗೆ ಊಟ, ವಸತಿ, ವಿದ್ಯೆ ಮೂರನ್ನೂ ಉಚಿತವಾಗಿ ಒದಗಿಸುವ ಏರ್ಪಾಟು ಮಾಡಿತು. ಮಠಗಳ ದಾಸೋಹವನ್ನು ರಾಜ್ಯವೇ ಕೈಗೆತ್ತಿಕೊಂಡಂತಾಯಿತು. ೨೦೦೨ರಲ್ಲಿ ಆರಂಭವಾದ ಶಾಲಾ ಮಧ್ಯಾಹ್ನದ ಊಟಕ್ಕೆ 'ಅಕ್ಷರ ದಾಸೋಹ'ವೆಂದು ಹೆಸರಿಟ್ಟುದೂ ಇದೇ ಋಣದ ಸ್ಮರಣೆ. ಆದರೆ ೨೦೨೩ರ ಡಿಸೆಂಬರ್ ತಿಂಗಳಲ್ಲಿ ಮಾಲೂರು ತಾಲ್ಲೂಕಿನ ಒಂದು ಸರ್ಕಾರಿ ವಸತಿ ಶಾಲೆಯಲ್ಲಿ ಪರಿಶಿಷ್ಟ ಜಾತಿಯ ಮಕ್ಕಳನ್ನು ಮಲದ ಗುಂಡಿಗೆ ಇಳಿಸಿ ಶುಚಿ ಮಾಡಿಸಿದ ಸಂಗತಿ ಚಿತ್ರಸಹಿತ ಬಯಲಾಯಿತು. ಪ್ರಾಂಶುಪಾಲರೂ ಒಬ್ಬ ಶಿಕ್ಷಕರೂ ಅಮಾನತುಗೊಂಡು ಬಂಧಿತರಾದರು. ಮಲ ಹೊರುವ ಪದ್ಧತಿಯನ್ನು ದೊಡ್ಡವರಿಗೂ ನಿಷೇಧಿಸಿದ ಕಾನೂನು ೨೦೧೩ರಲ್ಲಿಯೇ ಬಂದಿತ್ತು. ಅಂಥ ಗುಂಡಿಗಳ ವಿಷವಾಯುವಿನಿಂದ ಬಲಿತ ಆಳುಗಳೇ ಕ್ಷಣಾರ್ಧದಲ್ಲಿ ಸತ್ತ ನಿದರ್ಶನಗಳು ದೇಶದಲ್ಲಿ ಲೆಕ್ಕವಿಲ್ಲದಷ್ಟು. ಇದನ್ನು ಮಕ್ಕಳ ಶ್ರಮದಾನವೆಂದು, ಕಾಯಕವೆಂದು ಸಮರ್ಥಿಸಲು ಯಾರಾದರೂ ಹೊರಟರೆ ಅವರು ಕಲ್ಯಾಣದ ಇತಿಹಾಸದ ಒಂದು ಪುಟವನ್ನೂ ತಿರುವಿ ನೋಡಿದವರಲ್ಲ. ಮಾದಾರ ಚೆನ್ನಯ್ಯನನ್ನು ಹಿರಿಯನೆಂದು ಬಸವಣ್ಣನವರು ಗೌರವಿಸಿದ್ದು ಚೆನ್ನಯ್ಯನ ಮಕ್ಕಳು ಗುಂಡಿಗೆ ಇಳಿಯಲೆಂದಲ್ಲ.

ವಸತಿ ಶಾಲೆಯ ಆರೋಗ್ಯವೆಂದರೆ ಔಷಧದ ಪೆಟ್ಟಿಗೆಯಷ್ಟೇ ಅಲ್ಲವೆಂಬುದಕ್ಕೆ ಇನ್ನೂ ಕೆಲವು ಸಣ್ಣ ಸಂಗತಿಗಳಿವೆ. ಕಜ್ಜಿಯನ್ನೇ ನೋಡೋಣ. ಒಟ್ಟಿಗೆ ಮಲಗುವ ಮಕ್ಕಳಲ್ಲಿ ಅದು ಒಬ್ಬನಿಂದ ಹತ್ತು ಜನಕ್ಕೆ ಹಬ್ಬುತ್ತದೆ. ಕೆರೆದುಕೊಳ್ಳುವವನಿಗೆ ಮಾತ್ರ ಮದ್ದು ಹಚ್ಚಿದರೆ ಪ್ರಯೋಜನವಿಲ್ಲ. ಆ ಕೋಣೆಯ ಎಲ್ಲರಿಗೂ ಒಂದೇ ರಾತ್ರಿ ಹಚ್ಚಿ, ಬಟ್ಟೆ ಹೊದಿಕೆಗಳನ್ನೆಲ್ಲ ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹರವಬೇಕು. ಹಾಗೆಯೇ ಭಾಷೆ. ಶ್ರೀನಿವಾಸಪುರ, ಮುಳಬಾಗಿಲು ಗಡಿಯ ಎಷ್ಟೋ ಮಕ್ಕಳ ಮನೆಮಾತು ತೆಲುಗು. ಹನ್ನೊಂದು ವರ್ಷದ ಮಗು ಮೊದಲ ತಿಂಗಳಲ್ಲಿ ರಾತ್ರಿ ಅತ್ತರೆ ಅದು ತೆಲುಗಿನಲ್ಲಿಯೇ ಅಳುತ್ತದೆ. ಅದನ್ನು ತೆಲುಗಿನಲ್ಲಿಯೇ ಸಂತೈಸಬಲ್ಲ ಒಬ್ಬರು ನಿಲಯದಲ್ಲಿದ್ದರೆ, ಅಡಿಗೆಯವರಾದರೂ ಸರಿ, ಹೊಟ್ಟೆನೋವೆಂದು ಹೇಳಿಕೊಂಡು ಮಲಗುವ ಮಕ್ಕಳ ಸಂಖ್ಯೆ ತಾನಾಗಿಯೇ ಇಳಿಯುತ್ತದೆ. ಮಠದ ನಿಲಯಗಳಲ್ಲಿ ಬೆಳಗು ಬೈಗಿನ ಸಾಮೂಹಿಕ ಪ್ರಾರ್ಥನೆ ಈ ದೃಷ್ಟಿಯಿಂದಲೂ ಉಪಕಾರಿ. ಅಲ್ಲಿ ಪ್ರತಿ ಮಗುವಿನ ಮುಖ ದಿನಕ್ಕೆರಡು ಸಲ ಹಿರಿಯರ ಕಣ್ಣಿಗೆ ಬೀಳುತ್ತದೆ.

ಇನ್ನು ನೀರಿನ ವಿಚಾರ. ಕೋಲಾರ ಜಿಲ್ಲೆಗೆ ವರ್ಷವಿಡೀ ಹರಿಯುವ ನದಿಯಿಲ್ಲ. ನಂದಿಬೆಟ್ಟದ ಬಳಿ ಹುಟ್ಟುವ ಪಾಲಾರ್ ಇಲ್ಲಿ ಮಳೆಗಾಲದ ಅತಿಥಿ. ಅದಕ್ಕೆಂದೇ ಪೂರ್ವಿಕರು ಸಾವಿರಾರು ಕೆರೆಗಳನ್ನು ಒಂದರ ಕೋಡಿ ಇನ್ನೊಂದಕ್ಕೆ ಬೀಳುವಂತೆ ಕಟ್ಟಿದರು. ಸೊನ್ನಲಿಗೆಯಲ್ಲಿ ಕೆರೆ ಕಟ್ಟಿಸಿದ ಸಿದ್ಧರಾಮೇಶ್ವರರ ಕಾಯಕದ ಅರ್ಥ ತಿಳಿಯಬೇಕಾದರೆ ಈ ಸೀಮೆಯ ಏರಿಗಳ ಮೇಲೆ ಒಂದು ದಿನ ನಡೆದರೆ ಸಾಕು. ಕೆರೆಗಳು ಹೂಳು ತುಂಬಿ ಬತ್ತಿದ ಮೇಲೆ ಜನ ಕೊಳವೆಬಾವಿಗಳಿಗೆ ತಿರುಗಿದರು. ಅವು ನೂರಾರು ಅಡಿಯಿಂದ ಸಾವಿರ ಅಡಿಯನ್ನೂ ಮೀರಿ ಇಳಿದವು. ಆಳದ ಬಂಡೆಯ ಸಂದುಗಳಲ್ಲಿ ಬಹುಕಾಲ ನಿಂತ ನೀರು ಕಲ್ಲಿನೊಳಗಿನ ಫ್ಲೋರೈಡನ್ನು ಕರಗಿಸಿಕೊಂಡು ಮೇಲೆ ಬರುತ್ತದೆ. ಲೀಟರಿಗೆ ಒಂದು ಮಿಲಿಗ್ರಾಂ ಅದರ ಹಿತಮಿತಿ; ಬೇರೆ ಮೂಲವಿಲ್ಲದಿದ್ದರೆ ಒಂದೂವರೆಯವರೆಗೆ ಸಹ್ಯವೆಂದು ಭಾರತೀಯ ಮಾನಕ ಹೇಳುತ್ತದೆ. ಮುಳಬಾಗಿಲು, ಶ್ರೀನಿವಾಸಪುರ ಕಡೆಯ ಅನೇಕ ಹಳ್ಳಿಗಳ ಕೊಳವೆಬಾವಿಗಳು ಈ ಮಿತಿಯನ್ನು ದಾಟಿವೆ.

ಫ್ಲೋರೈಡಿನ ಪಿಡುಗು ನಮ್ಮ ದೇಶದಲ್ಲಿ ಮೊದಲು ದಾಖಲಾದುದು ೧೯೩೭ರಲ್ಲಿ, ಅಂದಿನ ಮದ್ರಾಸ್ ಪ್ರಾಂತದ ನೆಲ್ಲೂರು ಜಿಲ್ಲೆಯಲ್ಲಿ. ೧೯೭೩ರಲ್ಲಿ ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ ವೈದ್ಯರು ನಲ್ಗೊಂಡ ಕಡೆಯಲ್ಲಿ ಮೊಳಕಾಲುಗಳು ಒಳಕ್ಕೆ ಬಾಗಿದ ಹದಿಹರೆಯದ ಹುಡುಗರನ್ನು ಕಂಡು ವರದಿ ಮಾಡಿದರು. ಅಂದರೆ ವಸತಿ ಶಾಲೆಯ ವಯಸ್ಸೇ ಎಲುಬಿನ ವಿಷಯದಲ್ಲಿ ಅಪಾಯದ ವಯಸ್ಸು. ಹಲ್ಲಿನ ಕಥೆ ಬೇರೆ. ಹಲ್ಲಿನ ಹೊರಕವಚ ರೂಪುಗೊಳ್ಳುವುದು ಬಹುಮಟ್ಟಿಗೆ ಎಂಟನೆಯ ವರ್ಷದೊಳಗೆ. ಆರನೆಯ ತರಗತಿಗೆ ಬಂದ ಮಗು ನಕ್ಕಾಗ ಕಾಣುವ ಕಂದು ಗೆರೆಗಳು ಅದರ ಹುಟ್ಟೂರಿನ ಬಾವಿಯ ದಾಖಲೆಯೇ ಹೊರತು ಶಾಲೆಯ ನೀರಿನದಲ್ಲ. ಅವು ಅಳಿಸಿಹೋಗುವುದಿಲ್ಲ. ಅದನ್ನು ಕೊಳೆಯೆಂದು ತಿಳಿದು ಹಲ್ಲುಜ್ಜಿಲ್ಲವೆಂದು ಮಗುವನ್ನು ಗದರುವ ಉಪಾಧ್ಯಾಯರಿದ್ದಾರೆ. ಬಾಯಿಗೆ ಕೈ ಅಡ್ಡವಿಟ್ಟು ನಗುವ ಅಭ್ಯಾಸ ಆ ಮಕ್ಕಳಿಗೆ ಅಲ್ಲಿಂದಲೇ ಬರುತ್ತದೆ. ಉಳಿಸಲು ಸಾಧ್ಯವಿರುವುದು ಎಲುಬು. ಐದು ವರ್ಷ ಒಳ್ಳೆಯ ನೀರು ಕುಡಿದರೆ ಆ ಮಟ್ಟಿಗೆ ಅದು ಉಳಿಯುತ್ತದೆ.

ಒಂದು ತಪ್ಪು ನಂಬಿಕೆಯನ್ನು ಇಲ್ಲಿಯೇ ತೆಗೆದುಹಾಕಬೇಕು. ನೀರನ್ನು ಕುದಿಸಿದರೆ ಕ್ರಿಮಿ ಸಾಯುತ್ತದೆ, ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದುದರಲ್ಲಿ ಅದರ ಸಾಂದ್ರತೆ ಏರುತ್ತದೆ. ಹಳ್ಳಿಹಳ್ಳಿಗಳಲ್ಲಿ ಈಗ ಶುದ್ಧ ಕುಡಿಯುವ ನೀರಿನ ಘಟಕಗಳಿವೆಯೆಂಬುದು ನಿಜ. ಆದರೆ ಕುಡಿಯುವ ಕ್ಯಾನಿಗೆ ಘಟಕದ ನೀರು, ಅಡಿಗೆಯ ಹಂಡೆಗೆ ಕೊಳವೆಬಾವಿಯ ನೀರು ಎಂಬ ವಿಂಗಡಣೆ ಎಷ್ಟೋ ಕಡೆ ಇದೆ. ಮುದ್ದೆ, ಅನ್ನ, ಸಾರು ಮೂರೂ ನೀರನ್ನು ಹೀರಿಯೇ ಆಗುವಂಥವು. ಲೋಟದಲ್ಲಿ ತಪ್ಪಿಸಿದ್ದು ತಟ್ಟೆಯಲ್ಲಿ ಬರುತ್ತದೆ.

ಊಟದಿಂದ ಸ್ವಲ್ಪ ರಕ್ಷಣೆಯೂ ಉಂಟು. ಕೋಲಾರದ ರಾಗಿ ನೂರು ಗ್ರಾಮಿಗೆ ಸುಮಾರು ೩೫೦ ಮಿಲಿಗ್ರಾಂ ಸುಣ್ಣದ ಅಂಶವುಳ್ಳದ್ದು. ಹೊಟ್ಟೆಯಲ್ಲಿ ಸುಣ್ಣದ ಅಂಶ ಸಾಕಷ್ಟಿದ್ದರೆ ಫ್ಲೋರೈಡ್ ರಕ್ತಕ್ಕೆ ಸೇರುವುದು ಕಡಿಮೆ. ಹಾಲು, ರೇಷ್ಮೆ, ಚಿನ್ನಗಳ ನಾಡೆಂದು ಹೆಸರಾದ ಜಿಲ್ಲೆಯಲ್ಲಿ ಹಾಲಿಗೆ ಬರವಿಲ್ಲ. ೨೦೧೩ರ ಕ್ಷೀರಭಾಗ್ಯ ಯೋಜನೆಯಿಂದ ಅದು ಶಾಲೆಯ ಮಕ್ಕಳಿಗೂ ಬಂದಿತು. ೨೦೦೨ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಶಾಲಾ ಬಾಲಕರಿಗೆ ದಿನಕ್ಕೆ ಹತ್ತು ಗ್ರಾಂ ಹುಣಸೆಹಣ್ಣು ಕೊಟ್ಟು ನೋಡಲಾಗಿ, ಮೂತ್ರದ ಮೂಲಕ ಫ್ಲೋರೈಡ್ ಹೊರಹೋಗುವುದು ಹೆಚ್ಚಿತೆಂದು ಕಂಡುಬಂದಿತು. ನಮ್ಮ ಅಜ್ಜಿಯರ ಹುಳಿಸಾರು ಯಾವ ಶಾಸ್ತ್ರವನ್ನೂ ಓದದೆ ಸರಿದಾರಿಯಲ್ಲಿತ್ತೆನ್ನಬೇಕು. ಆದರೂ ಇವು ನೆರವೇ ಹೊರತು ಒಳ್ಳೆಯ ನೀರಿಗೆ ಬದಲಲ್ಲ.

ಒಳ್ಳೆಯ ನೀರು ಎಲ್ಲಿಂದ? ಬೆಂಗಳೂರಿನ ಕೊಳಚೆಯನ್ನು ಎರಡು ಹಂತ ಸಂಸ್ಕರಿಸಿ ೨೦೧೮ರಿಂದ ಕೋಲಾರದ ಕೆರೆಗಳಿಗೆ ಹರಿಸುತ್ತಿರುವ ಕೆ.ಸಿ. ವ್ಯಾಲಿ ಯೋಜನೆ ಅಂತರ್ಜಲವನ್ನು ಮೇಲೆತ್ತಲು ಹೊರಟಿದ್ದು, ಮಕ್ಕಳ ಲೋಟಕ್ಕೆ ನೇರವಾಗಿ ಸುರಿಯುವಂಥದಲ್ಲ. ಮಾರ್ಕಂಡೇಯ ನದಿಗೆ ಯರಗೋಳಿನಲ್ಲಿ ಕಟ್ಟಿ ೨೦೨೩ರ ನವೆಂಬರ್‌ನಲ್ಲಿ ಉದ್ಘಾಟಿಸಿದ ಅಣೆಕಟ್ಟು ಕೋಲಾರ, ಬಂಗಾರಪೇಟೆ, ಮಾಲೂರು ಪಟ್ಟಣಗಳನ್ನು ಗುರಿಯಾಗಿಟ್ಟುಕೊಂಡದ್ದು. ಉಳಿದ ಎರಡು ತಾಲ್ಲೂಕುಗಳ ವಸತಿ ಶಾಲೆಗಳು ಅದನ್ನು ಕಾದು ಕೂರುವಂತಿಲ್ಲ.

ಮುಗಿಲ ನೀರಿನಲ್ಲಿ ಮಾತ್ರ ಫ್ಲೋರೈಡ್ ಇಲ್ಲವೆನ್ನುವಷ್ಟು ಕಡಿಮೆ. ಕೋಲಾರದಲ್ಲಿ ವರ್ಷಕ್ಕೆ ಸುಮಾರು ೭೦೦ ಮಿಲಿಮೀಟರ್ ಮಳೆಯೆಂದು ಹಿಡಿಯೋಣ. ಒಂದು ವಸತಿ ಶಾಲೆಯ ಸಾವಿರ ಚದರ ಮೀಟರ್ ತಾರಸಿಯ ಮೇಲೆ ಅದು ಏಳು ಲಕ್ಷ ಲೀಟರ್ ಆಗುತ್ತದೆ. ಐದರಲ್ಲಿ ಒಂದು ಪಾಲು ವ್ಯರ್ಥವಾದರೂ ಐದು ಲಕ್ಷದ ಅರವತ್ತು ಸಾವಿರ ಉಳಿಯಿತು. ೨೫೦ ಮಕ್ಕಳಿಗೆ ಕುಡಿಯಲು, ಅಡಿಗೆಗೆ ತಲೆಗೆ ಐದು ಲೀಟರಿನಂತೆ ದಿನಕ್ಕೆ ೧,೨೫೦ ಲೀಟರ್ ಬೇಕು; ವರ್ಷದ ಮುನ್ನೂರು ದಿನಕ್ಕೆ ಮೂರು ಲಕ್ಷದ ಎಪ್ಪತ್ತೈದು ಸಾವಿರ. ಲೆಕ್ಕ ಮಿಗುತ್ತದೆ. ತೊಡಕಿರುವುದು ಹಿಡಿದಿಡುವುದರಲ್ಲಿ. ಇಲ್ಲಿ ಮಳೆಯ ಭರ ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ. ಡಿಸೆಂಬರಿನಿಂದ ಏಪ್ರಿಲ್‌ವರೆಗೆ ಆಕಾಶ ಒಣಗಿರುತ್ತದೆ. ಆ ಐದು ತಿಂಗಳಿಗೆ ಎರಡು ಲಕ್ಷ ಲೀಟರಿನ ತೊಟ್ಟಿ ಬೇಕು. ಹತ್ತು ಮೀಟರ್ ಉದ್ದ, ಅಷ್ಟೇ ಅಗಲ, ಎರಡು ಮೀಟರ್ ಆಳ. ಶಾಲೆಯ ಅಂಗಳದ ಒಂದು ಮೂಲೆ. ಬೆಳಕು ಬೀಳದಂತೆ ಮುಚ್ಚಳ, ಸೊಳ್ಳೆ ಹೋಗದಂತೆ ಜಾಲರಿ, ಮರಳು ಜಲ್ಲಿಗಳ ಸೋಸುಗುಂಡಿ, ಮೊದಲ ಮಳೆಯ ಕೊಳೆನೀರನ್ನು ಹೊರಗೆ ಬಿಡುವ ಒಂದು ಅಡ್ಡಕೊಳವೆ. ಕುಡಿಯುವ ಮುನ್ನ ಕುದಿಸುವುದು ಅಥವಾ ಹದವಾಗಿ ಕ್ಲೋರಿನ್ ಹಾಕುವುದು. ಮುಂಗಾರಿಗೆ ಮುಂಚೆ ಒಮ್ಮೆ, ಗೌರಿ ಹಬ್ಬದ ಹೊತ್ತಿಗೆ ಇನ್ನೊಮ್ಮೆ ತಾರಸಿಯನ್ನು ಗುಡಿಸಿ ತೊಳೆಯಬೇಕು. ಆ ಕೆಲಸ ದೊಡ್ಡವರದು. ಮಕ್ಕಳು ಕೆಳಗೆ ನಿಂತು ತೊಟ್ಟಿಯ ಅಳತೆಗೋಲನ್ನು ದಿನವೂ ಓದಿ ಬರೆದಿಡಬಹುದು.